ಕೈಕೊಡದ ಲಿನಕ್ಸ್

"ಡೆಬಿಯನ್ ಅನ್ನೋ ಲಿನಕ್ಸ್ ಹಾಕಿದೀನಿ. ಇನ್ನು ಸುಮ್ಮನಿದ್ದುಬಿಡಿ," ಎಂದ ರಿಪೇರಿಯವನು, ಲ್ಯಾಪ್‌ಟಾಪ್ ಮುಚ್ಚುತ್ತ. "ಸಾಫ್ಟ್‌ವೇರು ಎರಡು ವರ್ಷ ಹಳೇದು, ಆದ್ರೆ ಕೈಕೊಡಲ್ಲ. ಬ್ಯಾಟರಿ ಸತ್ತಿದೆ, ಚಾರ್ಜರ್ ಪಿನ್ ಸಡಿಲ. ಇಂಥದ್ರ ಮೇಲೆ ವಾರಕ್ಕೊಂದು ಹೊಸ ಲಿನಕ್ಸ್ ಹಾಕಿದ್ರೆ ಅದು ತಾನೇ ಏನು ಮಾಡುತ್ತೆ?"

ಲ್ಯಾಪ್‌ಟಾಪ್ ತಂದಿದ್ದ ಲಿಫ್ಟ್ ಮೆಕ್ಯಾನಿಕ್ ತಲೆ ತಗ್ಗಿಸಿದ. ಜನರನ್ನು ಹೊತ್ತು ನಡೆಯುತ್ತಿರುವ ಲಿಫ್ಟಿಗೆ ಕೈ ಹಾಕಬಾರದು ಎಂಬುದು ಅವನ ಕೆಲಸದ ಮೊದಲ ಪಾಠ. ಇಪ್ಪತ್ತು ವರ್ಷ ಅದನ್ನು ತಪ್ಪದೆ ಪಾಲಿಸಿದವನು ಮನೆಯಲ್ಲಿ ಮಾತ್ರ ಮರೆತಿದ್ದ.

ಆಪರೇಷನ್ನಿನಲ್ಲಿ ಹೆಂಡತಿಯ ಧ್ವನಿಪೆಟ್ಟಿಗೆ ಹೋದ ಮೇಲೆ ಈ ಲ್ಯಾಪ್‌ಟಾಪೇ ಅವಳ ಬಾಯಿ. ಅವಳು ಟೈಪ್ ಮಾಡಿದ್ದನ್ನು ಅದು ಓದಿ ಹೇಳುತ್ತಿತ್ತು. "ಈಗಲಾದ್ರೂ ನನ್ನ ಮಾತು ಕೇಳ್ತೀರಾ?" ಎಂದು ಮೊದಲ ದಿನ ಅದರಿಂದ ಹೇಳಿಸಿ ಅವನನ್ನು ನಗಿಸಿದ್ದಳು. ಅವನು ಕೇಳಲಿಲ್ಲ. ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹೊಸದು ಬಂತೆಂದರೆ ಹಾಕದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಹತ್ತು ದಿನದ ಹಿಂದೆ ಒಂದು ಬೆಳಿಗ್ಗೆಯೂ ಹೊಸದೊಂದನ್ನು ಹಾಕಿದ. ಆ ಮಧ್ಯಾಹ್ನವೇ ಆಸ್ಪತ್ರೆಯಿಂದ ಫೋನು ಬಂತು. ಹೆಂಡತಿಯೊಡನೆ ಆರು ವರ್ಷದಿಂದ ಮಾತು ಬಿಟ್ಟಿದ್ದ ಅವಳ ಅಕ್ಕ ಕೊನೆಯ ಘಳಿಗೆಯಲ್ಲಿದ್ದಳು, ಅಕ್ಕನ ಮಗಳು ಫೋನನ್ನು ತಾಯಿಯ ಕಿವಿಗೆ ಹಿಡಿದಿದ್ದಳು. "ಅಕ್ಕಾ, ಅವತ್ತು ನಾನು ಅಂದಿದ್ದು" ಎಂದು ಹೆಂಡತಿಯ ಮಾತನ್ನು ಅರ್ಧ ಹೇಳಿ ಲ್ಯಾಪ್‌ಟಾಪ್ ಕಲ್ಲಿನಂತೆ ನಿಂತುಬಿಟ್ಟಿತು. ಅವನು ಅದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಅಕ್ಕನಿಗೆ ಪ್ರಜ್ಞೆ ತಪ್ಪಿತ್ತು. ಮರುದಿನ ಹೋಗಿಬಿಟ್ಟಳು.

ಹೆಂಡತಿ ಬೈಯಲಿಲ್ಲ. ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ ಎಂದು ಚೀಟಿ ಬರೆದಿಟ್ಟಳು, ಅಷ್ಟೆ. ಒಮ್ಮೆ ಬೈದುಬಿಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮನೆಗೆ ಬಂದು ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟ. "ಹಳೇದೇ ಹಾಕ್ಸಿದೀನಿ. ಇನ್ನು ನಾನು ಮುಟ್ಟಲ್ಲ," ಎಂದ. ಚಾರ್ಜರ್ ಸಿಕ್ಕಿಸಿದ, ಪಿನ್ ಜಾರಿತು, ಮತ್ತೆ ಒತ್ತಿ ಹಿಡಿದುಕೊಂಡ.

ಅವಳು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಟೈಪ್ ಮಾಡತೊಡಗಿದಳು. ಈಗ ಬೈಗುಳ ಬರುತ್ತದೆಂದು ಅವನು ಆಸೆಯಿಂದಲೇ ಕಾದ.

"ಅಕ್ಕಾ, ಅವತ್ತು ನಾನು ಅಂದಿದ್ದು ಸುಳ್ಳು," ಎಂದಿತು ಯಂತ್ರ. "ಅಮ್ಮನ್ನ ನೀನು ಚೆನ್ನಾಗೇ ನೋಡಿಕೊಂಡೆ. ನಾನೇ ಬರಲಿಲ್ಲ."

ಎಲ್ಲೂ ತಡವರಿಸಲಿಲ್ಲ. ಅವಳು ಓದಿಸುವ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಅದು ಅದನ್ನೇ ಮೊದಲಿಂದ ಹೇಳಿತು. ಮತ್ತೊಮ್ಮೆ ಒತ್ತಿದಳು. ಅವನು ಮೇಜಿನ ಪಕ್ಕ ಬಗ್ಗಿ, ಬೆರಳು ನೋಯುತ್ತಿದ್ದರೂ ಪಿನ್ನನ್ನು ಒತ್ತಿ ಹಿಡಿದೇ ಇದ್ದ.