ಹನ್ನೆರಡನೆಯ ಟೋಪಿ

ದೊಡ್ಡಕ್ಕನಿಗೆ ನಿಯಮಗಳೆಂದರೆ ಪ್ರಾಣ. ಶಿಶುಪಾಲನಾ ಕೇಂದ್ರದ ಗೋಡೆಗೆ ಅಂಟಿಸಿದ್ದ ದಿನಚರಿಯ ಹಾಳೆ ಹರಿದು ಬಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅದರ ಅಕ್ಷರ ಅಕ್ಷರವೂ ಆಕೆಯ ತಲೆಯೊಳಗೆ ಭದ್ರವಾಗಿತ್ತು. ಎಂಟೂವರೆಗೆ ಕೈ ತೊಳೆಸುವುದು, ಹತ್ತಕ್ಕೆ ಹೊರಗಿನ ಆಟ, ಹನ್ನೆರಡಕ್ಕೆ ಊಟ, ಒಂದಕ್ಕೆ ನಿದ್ದೆ, ಮಲಗಿದವರ ಎದೆ ಏರಿಳಿಯುತ್ತಿದೆಯೇ ಎಂದು ಕಾಲು ಗಂಟೆಗೊಮ್ಮೆ ಬಗ್ಗಿ ನೋಡುವುದು. ಆರು ಮಕ್ಕಳಿಗೆ ಒಬ್ಬ ದೊಡ್ಡವರು. ಏಳನೆಯ ಮಗು ಬಂದರೆ, ಇನ್ನೊಬ್ಬರು ಬರುವ ತನಕ ಅದರ ಅಪ್ಪನೋ ಅಮ್ಮನೋ ಬಾಗಿಲಲ್ಲೇ ಕಾಯಬೇಕು. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಸ್ವಂತ ಮೊಮ್ಮಗಳನ್ನು ಕರೆದೊಯ್ಯಲು ಬಂದಾಗ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಆಕೆ ಅವರನ್ನು ಅರ್ಧ ಗಂಟೆ ಗೇಟಿನಾಚೆ ನಿಲ್ಲಿಸಿದ್ದಳು. ಮೊದಲು ಕೆಂಡಾಮಂಡಲವಾದ ಆ ಮನುಷ್ಯ ಕೊನೆಗೆ ಹೊಗಳಿ ಹೋಗಿದ್ದರು. ಆ ಕಥೆಯನ್ನು ದೊಡ್ಡಕ್ಕ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ಪ್ರತಿ ಸಲವೂ ಆ ಅರ್ಧ ಗಂಟೆ ತುಸು ಉದ್ದವಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ನಿಯಮ ಎಣಿಕೆಯದು. ಬಾಗಿಲು ದಾಟುವಾಗ, ಪಾರ್ಕು ಮುಟ್ಟಿದಾಗ, ಪಾರ್ಕು ಬಿಡುವಾಗ, ಮತ್ತೆ ಬಾಗಿಲಿಗೆ ಬಂದಾಗ, ಹೀಗೆ ನಾಲ್ಕು ಸಲ ಪ್ರತಿ ಮಗುವಿನ ಹೆಸರು ಕರೆಯಬೇಕು, ಮುಖ ನೋಡಬೇಕು, ತಲೆ ಮುಟ್ಟಬೇಕು. ಹದಿನೆಂಟು ವರ್ಷದಲ್ಲಿ ಆಕೆ ಮುಟ್ಟಿದ ತಲೆಗಳ ಲೆಕ್ಕ ದೇವರಿಗೇ ಗೊತ್ತು. ಮಕ್ಕಳಿಗಂತೂ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಆಕೆ ಹತ್ತಿರ ಬಂದರೆ ಸಾಕು, ತಲೆ ತಾನಾಗಿ ಮುಂದಕ್ಕೆ ಬರುತ್ತಿತ್ತು.

ಸೋಮವಾರ ಆಕೆಯ ಜೊತೆಗೆ ಪಾರ್ಕಿಗೆ ಬಂದವಳು ಟೈಲರಮ್ಮ. ಇಪ್ಪತ್ತೈದು ವರ್ಷ ಬಟ್ಟೆ ಹೊಲಿದು, ಕಣ್ಣು ಮಂಜಾಗತೊಡಗಿದ ಮೇಲೆ ಈ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು; ಕೆಲಸ ಕಾಯಂ ಆಗಲು ಇನ್ನೊಂದು ತಿಂಗಳು ಬಾಕಿ. ಹನ್ನೆರಡು ಮಕ್ಕಳು, ಎಲ್ಲರ ತಲೆಗೂ ಹಳದಿ ಟೋಪಿ. ಉದ್ದನೆಯ ಹಗ್ಗಕ್ಕೆ ಹನ್ನೆರಡು ಬಳೆಗಳನ್ನು ಕಟ್ಟಿದ್ದರು, ಒಂದೊಂದು ಬಳೆಗೆ ಒಂದೊಂದು ಕೈ. ಹಾಗೆ ಹಿಡಿದುಕೊಂಡು ಹೋದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ ಎಂಬ ಲೆಕ್ಕಾಚಾರ.

ಪಾರ್ಕಿನಿಂದ ವಾಪಸು ಹೊರಡುವ ಹೊತ್ತಿಗೆ ಸರಿಯಾಗಿ, ಬಿಕ್ಕಳಿಕೆ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿಯ ಮೂಗಿನಿಂದ ರಕ್ತ ಬಂತು. ಟೈಲರಮ್ಮ ಅವಳ ಮೂಗು ಹಿಡಿದು ಕೂತಳು. ರಕ್ತ ಕಂಡು ಇಬ್ಬರು ಅಳಲು ಶುರುಮಾಡಿದರು, ಅವರನ್ನು ಕಂಡು ಮತ್ತಿಬ್ಬರು. ಗಡಿಯಾರ ಹನ್ನೊಂದು ಮುಕ್ಕಾಲು ತೋರಿಸುತ್ತಿತ್ತು, ಹನ್ನೆರಡಕ್ಕೆ ಊಟ. ದೊಡ್ಡಕ್ಕ ಎಲ್ಲರನ್ನೂ ಹಗ್ಗಕ್ಕೆ ಹಚ್ಚಿ, ಸಾಲಿನ ಮುಂದೆ ನಿಂತು, ಮೇಲುಮೇಲಕ್ಕೆ ಕಣ್ಣು ಹಾಯಿಸಿದಳು. ಹಳದಿ ಟೋಪಿಗಳು ಹನ್ನೆರಡಿದ್ದವು. ಹೆಸರು ಕರೆಯಲಿಲ್ಲ, ತಲೆ ಮುಟ್ಟಲಿಲ್ಲ. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

ಒಂದು ರಸ್ತೆ ದಾಟಿ, ಇನ್ನೂರು ಹೆಜ್ಜೆ ನಡೆದು ಕೇಂದ್ರದ ಬಾಗಿಲಿಗೆ ಬಂದರು. ಅಲ್ಲಿ ಮಾತ್ರ ಆಕೆಯ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಒಂದು, ಎರಡು, ಮೂರು. ಹನ್ನೊಂದು ತಲೆಗಳನ್ನು ಮುಟ್ಟಿ, ಹನ್ನೆರಡನೆಯದಕ್ಕೆ ಕೈ ಚಾಚಿದರೆ ಬೆರಳಿಗೆ ಸಿಕ್ಕಿದ್ದು ಬರೀ ಬಟ್ಟೆ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಜಾಗ ಹಿಡಿಯುವವರ ಹಾಗೆ, ಯಾರೋ ಹಗ್ಗದ ಕೊನೆಯ ಬಳೆಗೆ ತಮ್ಮ ಟೋಪಿ ಸಿಕ್ಕಿಸಿ ಹೋಗಿದ್ದರು.

ಮರಿಮೇಷ್ಟ್ರು ಇರಲಿಲ್ಲ. ಮೂರೂವರೆ ವರ್ಷದ ಹುಡುಗ. ಕಂಡದ್ದನ್ನೆಲ್ಲ ಸಾಲಾಗಿ ಜೋಡಿಸುವುದು, ಸಾಲು ತಪ್ಪಿದರೆ ಗದರುವುದು ಅವನ ಸ್ವಭಾವವಾದ್ದರಿಂದ ಆ ಅಡ್ಡಹೆಸರು.

ದೊಡ್ಡಕ್ಕ ಕೈಯಲ್ಲಿದ್ದ ಹಗ್ಗ ಬಿಟ್ಟಳು. ಹನ್ನೊಂದು ಮಕ್ಕಳನ್ನು ಟೈಲರಮ್ಮನೊಬ್ಬಳ ಕೈಗೆ ಒಪ್ಪಿಸಿ ಓಡಿದಳು. ಅದು ಮುರಿದ ಎರಡನೆಯ ನಿಯಮ, ಆದರೆ ಆಗ ಅದು ನೆನಪಿಗೂ ಬರಲಿಲ್ಲ. ರಸ್ತೆಯಲ್ಲಿ ಒಂದು ಲಾರಿ ಕಿರುಚಿ ನಿಂತಿತು. ಚಾಲಕ ಏನೋ ಬೈದ. ಐವತ್ಮೂರು ವರ್ಷದ ಮಂಡಿಗಳು ಆ ದಿನ ನೋವೆಂಬುದನ್ನೇ ಮರೆತಿದ್ದವು.

ಹುಡುಗ ಜಾರುಬಂಡೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಮುಂದೆ ಕಲ್ಲುಗಳ ಸಾಲು. ಒಂದೊಂದರ ತಲೆ ಮುಟ್ಟುತ್ತ, ದೊಡ್ಡಕ್ಕನ ದನಿಯಲ್ಲೇ ಹೇಳುತ್ತಿದ್ದ. "ಬಿಕ್ಕಳಿಕೆ ಇದ್ದಾಳೆ. ಡುಮ್ಮಿ ಇದ್ದಾಳೆ. ಮಾತುಮಲ್ಲ ಇದ್ದಾನೆ." ಅತ್ತ ಗುರುತೇ ಇರಲಿಲ್ಲ. ಆಕೆಯನ್ನು ಕಂಡು ತಲೆಯೆತ್ತಿ, ಗಂಭೀರವಾಗಿ, "ದೊಡ್ಡಕ್ಕ, ಒಬ್ಬರು ಕಮ್ಮಿ ಇದ್ದಾರೆ" ಎಂದ.

"ಯಾರೂ ಕಮ್ಮಿ ಇಲ್ಲ ಕಣೋ, ಎಲ್ಲಾ ಇದ್ದಾರೆ. ಬಾ" ಎಂದಳು ದೊಡ್ಡಕ್ಕ, ಅವನನ್ನು ಎದೆಗವಚಿಕೊಂಡು. ಆ ವಿಷಯದಲ್ಲಿ ಆಕೆ ಹೇಳಿದ ಮೊದಲ ಸುಳ್ಳು ಅದು, ಮತ್ತು ಅದನ್ನು ಹೇಳಿದ್ದು ಆ ಮಗುವಿಗೆ.

ಒಟ್ಟು ಏಳು ನಿಮಿಷ. ಮೈಮೇಲೆ ಒಂದು ಗೀರೂ ಇಲ್ಲ. ಬಾಗಿಲಲ್ಲಿ ಟೈಲರಮ್ಮ ಬಿಳಿಚಿಕೊಂಡು ನಿಂತಿದ್ದಳು. ಮಕ್ಕಳು ಊಟಕ್ಕೆ ಕೂತ ಮೇಲೆ ಮೆಲ್ಲಗೆ ಕೇಳಿದಳು: "ದೊಡ್ಡಕ್ಕ, ಇದನ್ನ ಆ ಕೆಂಪು ಪುಸ್ತಕದಲ್ಲಿ ಬರೀಬೇಕಲ್ವಾ? ನೀವೇ ಹೇಳ್ಕೊಟ್ಟಿದ್ರಿ."

"ಏನೂ ಆಗಿಲ್ವಲ್ಲ ಟೈಲರಮ್ಮ. ಆಗದೇ ಇರೋದನ್ನ ಏನಂತ ಬರೆಯೋದು? ಬುಧವಾರ ತಪಾಸಣೆ ಬೇರೆ ಇದೆ. ನಿಮ್ಮ ಕೆಲಸಾನೂ ಇನ್ನೂ ಕಾಯಂ ಆಗಿಲ್ಲ."

ಟೈಲರಮ್ಮ ಅನ್ನದ ಪಾತ್ರೆ ಎತ್ತಿಕೊಂಡು ಮಕ್ಕಳ ಕಡೆಗೆ ಹೋದಳು. ಕೊನೆಯ ಮಾತಿನಲ್ಲಿ ಇದ್ದದ್ದು ಕಾಳಜಿಯೋ ಬೆದರಿಕೆಯೋ ಎಂದು ಅವಳು ಯೋಚಿಸಿದ್ದರೆ ಆಶ್ಚರ್ಯವಿಲ್ಲ. ಹೇಳಿದವಳಿಗಂತೂ ಅದು ಬೆದರಿಕೆಯೇ ಎಂದು ಚೆನ್ನಾಗಿ ಗೊತ್ತಿತ್ತು.

ಕೆಂಪು ಪುಸ್ತಕವೆಂದರೆ ಘಟನೆಗಳ ಪುಸ್ತಕ. ಮಗು ಬಿದ್ದರೆ, ಕಚ್ಚಿಸಿಕೊಂಡರೆ, ಅರೆಗಳಿಗೆ ಕಣ್ಣಿಂದ ಮರೆಯಾದರೂ ಅದೇ ದಿನ ಅದರಲ್ಲಿ ಬರೆಯಬೇಕು, ಅದೇ ದಿನ ಮನೆಯವರಿಗೆ ಹೇಳಬೇಕು, ಮರುದಿನದೊಳಗೆ ಪರವಾನಗಿ ಕಚೇರಿಗೆ ತಿಳಿಸಬೇಕು. ಮಗು ಒಂಟಿಯಾಗಿ ಹೊರಗೆ ಉಳಿಯಿತೆಂದರೆ ವಿಚಾರಣೆ ಖಂಡಿತ. ದೊಡ್ಡಕ್ಕನನ್ನು ಮಕ್ಕಳ ಕೋಣೆಯೊಳಗೆ ಮತ್ತೆ ಕಾಲಿಡಗೊಡದಿದ್ದರೂ ಕೇಳುವಂತಿಲ್ಲ. ಬೇರೆ ಕೆಲಸ ಆಕೆಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇರೆ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಗಂಡ ಕೂಡ ಅವಳನ್ನು ದೊಡ್ಡಕ್ಕ ಎಂದೇ ರೇಗಿಸುತ್ತಿದ್ದ.

ಆ ಪುಸ್ತಕದಲ್ಲಿ ನಾಲ್ಕು ವರ್ಷದ ಹಿಂದಿನ ಒಂದು ಪುಟವಿತ್ತು. ಆಗ ಹಾಡಿನಕ್ಕ ಎಂಬುವಳು ಇಲ್ಲಿದ್ದಳು. ಎಂಥ ತಂಟೆಯ ಮಗುವೂ ಅವಳ ದನಿಗೆ ಮಲಗಿಬಿಡುತ್ತಿತ್ತು. ಒಂದು ದಿನ ಕೈ ತೊಳೆಯುವ ಸ್ಟೂಲಿನಿಂದ ಮಗುವೊಂದು ಜಾರಿ ತುಟಿ ಒಡೆದುಕೊಂಡಿತು. ಹಾಡಿನಕ್ಕ ಬರೆದದ್ದು ಮರುದಿನ. ಪುಟದ ಕೊನೆಯಲ್ಲಿ 'ತಿಳಿಸಲು ತಡವಾಗಿದ್ದರೆ ಕಾರಣ' ಎಂಬ ಸಾಲಿನ ಮುಂದೆ ಎರಡೇ ಮಾತು: 'ಹೆದರಿಕೆ ಆಯಿತು.' ಅದನ್ನು ಕೇಂದ್ರ ನಡೆಸುವ ಮೇಡಂ ಎದುರು ಹಿಡಿದು ದೊಡ್ಡಕ್ಕ ಕೇಳಿದ್ದಳು: "ಹೆದರಿಕೆ ಅನ್ನೋದು ಒಂದು ಕಾರಣವಾ ಮೇಡಂ? ಹೆದರೋರು ಮಕ್ಕಳ ಹತ್ರ ಯಾಕಿರಬೇಕು?" ಹಾಡಿನಕ್ಕನ ಕೆಲಸ ಹೋಯಿತು. ಈಗ ಚಪ್ಪಲಿ ಅಂಗಡಿಯಲ್ಲಿದ್ದಾಳೆ. ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಾಳೆ. ದೊಡ್ಡಕ್ಕ ಇಷ್ಟು ವರ್ಷ ಅದನ್ನು ಅವಳ ಸೊಕ್ಕು ಎಂದುಕೊಂಡಿದ್ದಳು.

ಸೋಮವಾರ ಸಂಜೆ ಮರಿಮೇಷ್ಟ್ರ ಅಮ್ಮ ಬಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಯಾವಾಗಲೂ ಅವಸರ. "ತಂಟೆ ಮಾಡಿದ್ನಾ ದೊಡ್ಡಕ್ಕ?" ಎಂದು ಕೇಳಿದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲಮ್ಮ, ಬಂಗಾರದಂಥ ಹುಡುಗ" ಎಂದಳು ದೊಡ್ಡಕ್ಕ. ಅದಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಕೈಯನ್ನು ಎಷ್ಟು ಹೊತ್ತು ತೊಳೆದಳೋ ಅವಳಿಗೇ ಗೊತ್ತಾಗಲಿಲ್ಲ.

ಮಂಗಳವಾರ ಆಕೆ ಹನ್ನೆರಡು ಮಕ್ಕಳನ್ನು ನಾಲ್ಕು ಸಲವಲ್ಲ, ಹದಿನಾಲ್ಕು ಸಲ ಎಣಿಸಿದಳು. ಡುಮ್ಮಿ ರೋಸಿಹೋಗಿ, "ನಾನು ಆಗ್ಲೇ ಇದ್ದೆ" ಎಂದಳು. ಬುಧವಾರ ತಪಾಸಣೆಗೆ ಬಂದ ಅಧಿಕಾರಿ ಔಷಧಿ ಕಪಾಟಿನ ಬೀಗ ಎಳೆದು ನೋಡಿ, ಮಂಚದಿಂದ ಮಂಚಕ್ಕೆ ಇರುವ ಅಂತರವನ್ನು ಟೇಪು ಹಿಡಿದು ಅಳೆದು, ಕೆಂಪು ಪುಸ್ತಕವನ್ನು ತಿರುವಿಹಾಕಿದರು. "ಇಷ್ಟು ಅಚ್ಚುಕಟ್ಟಾಗಿ ಬರೆಯೋ ಕೇಂದ್ರ ನಾನು ನೋಡಿಲ್ಲ. ಬೇರೆ ಕೇಂದ್ರದವರಿಗೆ ನೀವು ತರಬೇತಿ ಕೊಡಬೇಕಮ್ಮ" ಎಂದರು. ಮೇಡಂ ಹಿಗ್ಗಿ ಹೀರೇಕಾಯಿಯಾದರು. ದೊಡ್ಡಕ್ಕನಿಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬದಿಗೆ ನಿಂತಿದ್ದ ಟೈಲರಮ್ಮ ಆ ಮಾತು ಕೇಳಿ ತಲೆತಗ್ಗಿಸಿ, ಇಲ್ಲದ ದಾರವೊಂದನ್ನು ತನ್ನ ಸೆರಗಿನಿಂದ ಕೀಳುತ್ತಿದ್ದಳು. ಅಂದು ಮಧ್ಯಾಹ್ನ ದೊಡ್ಡಕ್ಕ ಇನ್ನೊಂದನ್ನು ಕಂಡಳು. ಮಾತುಮಲ್ಲನ ಬೆರಳು ಬಾಗಿಲ ಸಂದಿಗೆ ಸಿಕ್ಕಿ ಕೆಂಪಾಗಿತ್ತು. ಟೈಲರಮ್ಮ ಅದನ್ನು ತಣ್ಣೀರಲ್ಲಿ ಅದ್ದಿ, ಊದಿ, ಅತ್ತಿತ್ತ ನೋಡಿ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದಳು. ಪುಸ್ತಕದ ಕಡೆಗೆ ಹೋಗಲಿಲ್ಲ. ಗದರಲು ಬಾಯಿ ತೆರೆದ ದೊಡ್ಡಕ್ಕನಿಗೆ ಆ ಮಾತು ಯಾರದೆಂದು ಗೊತ್ತಾಗಿ ಬಾಯಿ ಹಾಗೇ ಮುಚ್ಚಿಕೊಂಡಿತು.

ಗುರುವಾರ ಸಂಜೆ ಎಕ್ಸ್‌ರೇ ಅಮ್ಮನಿಗೆ ಅಪರೂಪಕ್ಕೆ ಬಿಡುವಿತ್ತು. ಮಗನ ಬೂಟಿನ ಪಟ್ಟಿ ಬಿಗಿಯುತ್ತ ನಗುನಗುತ್ತಲೇ ಹೇಳಿದಳು: "ಮನೇಲೂ ಈಗ ನಿಮ್ಮದೇ ಆಟ ದೊಡ್ಡಕ್ಕ. ನನ್ನ ಡಬ್ಬೀಲಿರೋ ಗುಂಡಿಗಳನ್ನೆಲ್ಲ ಸಾಲಾಗಿಟ್ಟು ತಲೆ ಮುಟ್ತಾನೆ. ಹನ್ನೊಂದು ಒಂದು ಕಡೆ. ಒಂದನ್ನ ಮಾತ್ರ ಮಂಚದ ಕೆಳಗೆ, ಗೋಡೆ ಮೂಲೇಲಿ ಇಡ್ತಾನೆ. 'ಅದ್ಯಾರೋ' ಅಂದ್ರೆ 'ನಾನು' ಅಂತಾನೆ. 'ಅಲ್ಯಾಕೋ ಇದ್ದೀಯ, ಬಾ ಈಚೆ' ಅಂದ್ರೆ, 'ಬರಕ್ಕಾಗಲ್ಲ, ದೊಡ್ಡಕ್ಕ ಎಣಿಸಿ ಆಯ್ತು' ಅಂತಾನೆ. ಎಲ್ಲಿಂದ ಕಲೀತಾನೋ ಇವೆಲ್ಲ."

ದೊಡ್ಡಕ್ಕ ಅಲ್ಲೇ ಇದ್ದ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತಳು. ಮೂರು ದಿನದಿಂದ ಆಕೆ ತನಗೆ ತಾನೇ ಹೇಳಿಕೊಂಡು ಬಂದದ್ದು ಒಂದೇ ಮಾತು: ಮಗುವಿಗೆ ಗೊತ್ತೇ ಆಗಿಲ್ಲ. ಆ ಒಂದು ಮಾತನ್ನು ಹಿಡಿದು ಉಂಡಿದ್ದಳು, ಮಲಗಿದ್ದಳು. ಮಗುವಿಗೆ ಎಲ್ಲ ಗೊತ್ತಿತ್ತು. ಒಬ್ಬರು ಕಮ್ಮಿ ಇದ್ದಾರೆ ಎಂದು ಅವನು ಅವತ್ತೇ ಹೇಳಿದ್ದ. ಯಾರೂ ಕಮ್ಮಿ ಇಲ್ಲ ಎಂದವಳು ತಾನು.

"ಬಾಗಿಲು ಹಾಕಿ ಟೈಲರಮ್ಮ. ನೀವೂ ಇರಿ" ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, ಎಲ್ಲವನ್ನೂ ಹೇಳಿದಳು. ಟೋಪಿ, ಬಳೆ, ಜಾರುಬಂಡೆ, ಕಲ್ಲು. ಮೂಗಿನ ರಕ್ತದ ವಿಷಯ ಹೇಳಲು ಹೋಗಿ, ಅದು ನೆಪದ ಹಾಗೆ ಕೇಳಿಸುತ್ತದೆ ಎನ್ನಿಸಿ ಬಿಟ್ಟುಬಿಟ್ಟಳು. "ಟೈಲರಮ್ಮ ಬರೀಬೇಕು ಅಂದ್ರು. ಬೇಡ ಅಂದಿದ್ದು ನಾನು."

ತಾಯಿಯ ಕೈ ಮಗನ ಬೂಟಿನ ಮೇಲೆ ನಿಂತುಬಿಟ್ಟಿತು. "ಎಷ್ಟು ಹೊತ್ತು ಒಬ್ಬನೇ ಇದ್ದ?"

"ಏಳು ನಿಮಿಷ."

"ಏಳು ನಿಮಿಷ ಅಲ್ಲ ದೊಡ್ಡಕ್ಕ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಮೂರು ದಿನ. ಮೂರು ದಿನದಿಂದ ನನ್ನ ಮಗ ಮಂಚದ ಕೆಳಗಿದ್ದಾನೆ. ನಾನು ಅದನ್ನ ನೋಡಿ ನಗ್ತಾ ಇದ್ದೆ. ನೀವು ಅವತ್ತೇ ಹೇಳಿದ್ರೆ ಅವತ್ತೇ ಈಚೆ ಕರ್ಕೋತಿದ್ದೆ."

ದೊಡ್ಡಕ್ಕ ಕುರ್ಚಿಯಿಂದೆದ್ದು ಕೈಮುಗಿದಳು. ತಪ್ಪಾಯ್ತು ಎಂದಳು. ಅದು ತುಂಬ ಸಣ್ಣ ಮಾತೆಂದು ಅವಳಿಗೇ ಅನ್ನಿಸಿತು.

ತಾಯಿ ಚೀಲ ಹೆಗಲಿಗೇರಿಸಿ ಮಗನ ಕೈ ಹಿಡಿದು ಎದ್ದಳು. "ನಾಳೆ ಕಳಿಸ್ತೀನೋ ಇಲ್ವೋ ಗೊತ್ತಿಲ್ಲ. ಮೇಡಂ ಹತ್ರ ಮಾತಾಡ್ತೀನಿ." ಬಾಗಿಲ ಬಳಿ ಮರಿಮೇಷ್ಟ್ರು ನಿಂತ. ದಿನದ ಅಭ್ಯಾಸದಂತೆ ತಲೆಯನ್ನು ಮುಂದಕ್ಕೆ ಚಾಚಿ ಕಾದ. ದೊಡ್ಡಕ್ಕನ ಕೈ ಮೇಲೇಳಲಿಲ್ಲ. ಆಕೆ ತಾಯಿಯ ಮುಖ ನೋಡಿದಳು. ತಾಯಿ ಗೇಟಿನ ಕಡೆಗೆ ನೋಡುತ್ತಲೇ, "ಅವನು ಕಾಯ್ತಿದ್ದಾನೆ" ಎಂದಳು, ಅಷ್ಟೇ.

ದೊಡ್ಡಕ್ಕ ಮಂಡಿಯೂರಿ ಕೂತು, ಹೆಸರು ಕರೆದು, ಮುಖ ನೋಡಿ, ತಲೆ ಮುಟ್ಟಿದಳು. "ಅವತ್ತು ನೀನು ಹೇಳಿದ್ದೇ ಸರಿ ಕಣಪ್ಪ. ಒಬ್ಬರು ಕಮ್ಮಿ ಇದ್ರು. ನಾನು ಎಣಿಸಿದ್ದು ತಪ್ಪು."

"ಹೂಂ" ಎಂದ ಹುಡುಗ, ತಪ್ಪು ಲೆಕ್ಕ ಮಾಡಿದವರನ್ನು ಮೇಷ್ಟ್ರು ನೋಡುವ ಹಾಗೆ ನೋಡಿ.

ಅವರು ಹೋದ ಮೇಲೆ ದೊಡ್ಡಕ್ಕ ಕೆಂಪು ಪುಸ್ತಕ ತೆಗೆದಳು. ಏನಾಯಿತು, ಎಲ್ಲಿ, ಎಷ್ಟು ಹೊತ್ತು, ಯಾರ ಜವಾಬ್ದಾರಿ: ಒಂದೊಂದಾಗಿ ಬರೆದಳು. ಟೈಲರಮ್ಮ ಪಕ್ಕಕ್ಕೆ ಬಂದು, ಮಾತುಮಲ್ಲನ ಬೆರಳಿನದ್ದೂ ಒಂದು ಬರೆಯಬೇಕು ಎಂದಳು. "ಬರೀರಿ, ನನ್ನದು ಮುಗೀಲಿ" ಎಂದಳು ದೊಡ್ಡಕ್ಕ.

ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ತಿಳಿಸಲು ತಡವಾಗಿದ್ದರೆ ಕಾರಣ. ತಪಾಸಣೆ ಇತ್ತು ಎನ್ನಬಹುದಿತ್ತು, ಗಾಯವಾಗಿರಲಿಲ್ಲ ಎನ್ನಬಹುದಿತ್ತು. ಹದಿನೆಂಟು ವರ್ಷದ ಅನುಭವಕ್ಕೆ ಕಾರಣಗಳ ಬರವೇ? ಆಕೆ ಪುಟಗಳನ್ನು ಹಿಂದಕ್ಕೆ ತಿರುವಿ, ನಾಲ್ಕು ವರ್ಷದ ಹಿಂದಿನ ಆ ಎರಡು ಮಾತನ್ನು ಇನ್ನೊಮ್ಮೆ ಓದಿದಳು. ಆಮೇಲೆ ತನ್ನ ಪುಟಕ್ಕೆ ಮರಳಿ, ಅಷ್ಟೇ ಸಣ್ಣ ಅಕ್ಷರದಲ್ಲಿ ಬರೆದಳು: 'ಹೆದರಿಕೆ ಆಯಿತು.'