ಜೋಡಿ ನಂಬರು

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಒಂದು ಲೋಟ ನೀರು ಕುಡಿಯಬೇಕಾದರೂ ಅವರಿಗೆ ಪುರುಸೊತ್ತು ಬೇಕು. ನನ್ನ ತಮ್ಮನದು ಸೈಕಲ್ ಅಂಗಡಿ. ಅವನೋ ತುತ್ತು ನುಂಗುವ ಮೊದಲೇ ಕೈ ತೊಳೆಯಲು ಏಳುವ ಜಾತಿ. ದೇವರ ತಮಾಷೆ ನೋಡಿ, ಇಷ್ಟು ನಿಧಾನಸ್ಥರಾದ ನನ್ನ ಗಂಡನ ರೈಲು ಎಂಜಿನ್ ಗುಂಡಿ ಮುಟ್ಟಿದರೆ ಹಾರುತ್ತದೆ, ಅವಸರಗೇಡಿ ತಮ್ಮನ ಎಂಜಿನ್ ತುಂಬು ಬಸುರಿ ಮೆಟ್ಟಿಲು ಹತ್ತಿದ ಹಾಗೆ ಹೊರಡುತ್ತದೆ. ಎರಡೂ ಗೇಣುದ್ದದ ಆಟಿಕೆಗಳು. ಆಟಿಕೆ ಅಂದರೆ ಇಬ್ಬರಿಗೂ ಮೂಗಿನ ತುದಿಗೆ ಕೋಪ. ಮಾಡೆಲ್ ಅನ್ನಬೇಕಂತೆ.

ಟೈಲ್ಸ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಇವರ ಕ್ಲಬ್ಬು. ಗೋಡೆಯಿಂದ ಗೋಡೆಗೆ ಮೇಜು, ಮೇಜಿನ ಮೇಲೆ ಹಳಿ, ಸುರಂಗ, ಸೇತುವೆ, ಕೊನೆಗೊಂದು ಏರು. ಪ್ರತಿ ಎಂಜಿನ್ನಿನ ಹೊಟ್ಟೆಯೊಳಗೂ ಒಂದು ಎಲೆಕ್ಟ್ರಾನಿಕ್ ಚಿಪ್ಪು, ಅದಕ್ಕೊಂದು ನಂಬರು. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಆ ನಂಬರು ಒತ್ತಿ ಗುಂಡಿ ತಿರುಗಿಸಿದರೆ ಹಳಿಯಲ್ಲೇ ಅಪ್ಪಣೆ ಹರಿದು ಆ ಎಂಜಿನ್ ಮಾತ್ರ ಓಡುತ್ತದೆ. ಉದ್ದದ ಗೂಡ್ಸ್ ರೈಲು ಏರು ಹತ್ತಬೇಕಾದರೆ ಒಂದು ಎಂಜಿನ್ ಸಾಲದು. ಆಗ ಎರಡನ್ನು ಸೇರಿಸಿ ಒಂದು ಜೋಡಿ ನಂಬರು ಕೊಡುತ್ತಾರೆ. ಆಮೇಲೆ ಒಬ್ಬರೇ ಒಂದು ಗುಂಡಿ ತಿರುಗಿಸಿದರೆ ಎರಡೂ ಒಂದೇ ವೇಗದಲ್ಲಿ ಓಡುತ್ತವೆ. ಓಡಬೇಕು, ಅಷ್ಟೆ.

ಇವರಿಬ್ಬರದ್ದು ಓಡಲಿಲ್ಲ. ಮುಂದೆ ಕಟ್ಟಿದ್ದ ಗಂಡನ ಎಂಜಿನ್ ದಡಬಡ ಎಳೆದುಕೊಂಡು ಹೋಯಿತು, ಹಿಂದಿನ ತಮ್ಮನದು ಒಲ್ಲೆ ಎಂದು ಜಗ್ಗಿತು. ಎತ್ತು ಏರಿಗೆ, ಕೋಣ ನೀರಿಗೆ. ತಿರುವಿನಲ್ಲಿ ಡಬ್ಬಿಗಳೆಲ್ಲ ಮಗುಚಿಕೊಂಡವು. ಯಾರಾದರೂ ಒಬ್ಬರು ತಮ್ಮ ಚಿಪ್ಪಿನೊಳಗೆ ವೇಗದ ಲೆಕ್ಕ ತಿದ್ದಿದ್ದರೆ ಸಾಕಿತ್ತು. ನಿನ್ನದು ಸತ್ತ ಎಂಜಿನ್, ನೀನೇ ತಿದ್ದು ಅಂದರಂತೆ ಇವರು. ನಿಮ್ಮದಕ್ಕೆ ಹುಚ್ಚು ಹಿಡಿದಿದೆ, ನೀವೇ ತಿದ್ದಿ ಅಂದನಂತೆ ಅವನು. ಇಬ್ಬರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು. ಅವತ್ತಿನಿಂದ ತಮ್ಮ ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದವಳು ನಾನು. ಅಮ್ಮ ಹೋದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ, ಸಾಕಿ ದೊಡ್ಡವನನ್ನಾಗಿ ಮಾಡಿದ್ದು ನಾನೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದರೂ ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದ. ಉಪ್ಪು ಜಾಸ್ತಿ ಅಂತ ದಿನಾ ಕೊಂಕು ತೆಗೆದು, ಎರಡನೇ ಸಲ ಬಡಿಸಿಕೊಂಡು ತಿನ್ನುತ್ತಿದ್ದ. ಅವನು ಬರುವುದು ನಿಂತ ಮೇಲೆ ಅಡುಗೆಗೆ ಕೊಂಕು ತೆಗೆಯುವವರೇ ಇಲ್ಲ. ನನ್ನ ಗಂಡ ಏನು ಹಾಕಿದರೂ ಚೆನ್ನಾಗಿದೆ ಅನ್ನುವ ಪೈಕಿ. ನನಗೆ ಅವನಿಲ್ಲದೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಏನು ಬಂತು?

ಅಷ್ಟರಲ್ಲಿ ಕ್ಲಬ್ಬಿನ ಹಿರಿಯರು, ಎಲ್ಲರೂ ಮೇಷ್ಟ್ರು ಅನ್ನುವವರು, ನನ್ನ ಹೊಲಿಗೆ ಅಂಗಡಿಗೆ ಬಂದರು. ಊರವರಿಗೆಲ್ಲ ಬಾಗಿಲು ತೆರೆದು ರೈಲು ತೋರಿಸುವ ದಿನ ಹತ್ತಿರ ಬಂದಿದೆ, ಉದ್ದದ ಗೂಡ್ಸ್ ಏರು ಹತ್ತಿಸಬೇಕು, ಅಷ್ಟು ತಾಕತ್ತಿರುವುದು ಇವೆರಡಕ್ಕೇ ಅಂದರು. ಇಬ್ಬರೂ ಎಂಜಿನ್ ಕೊಡಲು ಒಪ್ಪಿದ್ದಾರೆ, ಆದರೆ ಜೋಡಿಗೆ ಗುಂಡಿ ಒಂದೇ, ಅವನು ಹಿಡಿದರೆ ಇವರು ತರುವುದಿಲ್ಲ, ಇವರು ಹಿಡಿದರೆ ಅವನು ತರುವುದಿಲ್ಲ, ನೀವೇ ಬಂದು ಹಿಡಿಯಬೇಕು ತಾಯಿ ಎಂದು ಕೈಮುಗಿದರು. ಎರಡು ಎಂಜಿನ್ ಕೂಡಿ ಬಂದರೆ ಇಬ್ಬರೂ ಕೂಡಿ ಬಂದಾರು ಎಂಬ ಆಸೆಗೆ ನಾನು ಒಪ್ಪಿದೆ.

ಆ ದಿನ ಬೆಳಿಗ್ಗೆ ಜನ ಬರುವ ಮೊದಲು ಒಂದು ಸಲ ಓಡಿಸಿ ನೋಡೋಣ ಅಂದರು ಮೇಷ್ಟ್ರು. ನನ್ನ ಗಂಡ ಮೇಜಿನ ಈ ತುದಿ, ತಮ್ಮ ಆ ತುದಿ, ಇಬ್ಬರೂ ಮುಖಕ್ಕೆ ಮುಖ ಕೊಡದೆ ಛಾವಣಿ ನೋಡುತ್ತಿದ್ದರು. ನಾನು ಗುಂಡಿ ತಿರುಗಿಸಿದೆ. ಮುಂದಿನ ಎಂಜಿನ್ ತೆವಳಿತು. ಹಿಂದಿನದು ಬೆನ್ನಿಗೆ ಗುದ್ದಿಕೊಂಡು ನುಗ್ಗಿ, ತಿರುವಿನಲ್ಲಿ ಮುಂದಿನದನ್ನು ಹಳಿಯಿಂದಾಚೆ ತಳ್ಳಿ, ಡಬ್ಬಿಗಳನ್ನೂ ಕೆಡವಿಕೊಂಡು ಬಿದ್ದಿತು.

ನಾನು ಎಂಜಿನ್‌ಗಳನ್ನು ನೋಡಿದೆ, ಆಮೇಲೆ ಅವುಗಳ ಯಜಮಾನರನ್ನು. ಹುಚ್ಚು ಹಿಡಿದದ್ದಕ್ಕೆ ನಿಧಾನ ಬಂದಿತ್ತು, ಸತ್ತದ್ದಕ್ಕೆ ಜೀವ ಬಂದಿತ್ತು. ಇಬ್ಬರ ಕಿವಿಯೂ ಕೆಂಪಾಗಿತ್ತು. ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಭಾಮೈದನ ಹತ್ತಿರ ಹಟ ಯಾಕೆ ಎಂದು ಇವರು ಅಂಗಡಿಗೆ ರಜೆ ಹಾಕಿ ಬಂದು, ಕ್ಲಬ್ಬಿನಲ್ಲಿ ಯಾರೂ ಇಲ್ಲದಾಗ ತಮ್ಮದನ್ನು ತಾವೇ ನಿಧಾನ ಮಾಡಿಕೊಂಡು ಹೋಗಿದ್ದರು. ಭಾವನೇ ಗೆಲ್ಲಲಿ ಎಂದು ಅವನೂ ಕದ್ದು ಬಂದು ತನ್ನದನ್ನು ಚುರುಕು ಮಾಡಿಕೊಂಡು ಹೋಗಿದ್ದ. ಸೋತೆ ಎಂದು ಬಾಯಲ್ಲಿ ಹೇಳಲು ಇಬ್ಬರಿಗೂ ನಾಚಿಕೆ.

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು.

"ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಮುತ್ತು ಉದುರ್ತಿತ್ತಾ ನಿಮಗೆ?" ಅಂದೆ. "ಇಷ್ಟು ದಿನ ಒಬ್ಬರಿಗೊಬ್ಬರು ಸೋತುಕೊಂಡೇ ಜಗಳ ಆಡಿದ್ರಲ್ಲ."

ಮೇಷ್ಟ್ರು ಮೀಸೆಯೊಳಗೇ ನಗುತ್ತ ಡಬ್ಬಿ ಎತ್ತಿಡತೊಡಗಿದರು. ಸರಿ, ನಾನು ಮೊದಲಿನಂತೆ ಮಾಡುತ್ತೇನೆ ಎಂದು ಗಂಡ ತಮ್ಮದೇ ಎಂಜಿನ್ ಎತ್ತಿಕೊಂಡರು. ಬೇಡ ಭಾವ, ನಾನೇ ಮಾಡುತ್ತೇನೆ ಎಂದು ತಮ್ಮ ತನ್ನದನ್ನು ಎತ್ತಿಕೊಂಡ. ಚಿಪ್ಪು ತಿದ್ದಲೆಂದೇ ಮೂಲೆಯಲ್ಲಿ ಇಟ್ಟಿದ್ದ ಹಳಿತುಂಡಿನ ಕಡೆ ಇಬ್ಬರೂ ಒಟ್ಟಿಗೇ ಓಡಿದರು. ಮತ್ತೆ ಇಬ್ಬರೂ ತಿದ್ದಿದರೆ ಮತ್ತೆ ಹಳೇ ಗೋಳೇ ಅಲ್ಲವೇ? ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ಎರಡನ್ನೂ ಒಟ್ಟಿಗೆ ಬಿಗಿ ಸಡಿಲ ಮಾಡುತ್ತ ಕೂತರೆ ಹೊಲಿಗೆ ಎಂದೂ ಕೂರುವುದಿಲ್ಲ. ನಾನು ಗಂಡನ ಕೈಯಿಂದ ಎಂಜಿನ್ ಕಿತ್ತುಕೊಂಡೆ. ಇದು ಹೀಗೇ ಇರುತ್ತದೆ, ನೀನೊಬ್ಬನೇ ಹೊಂದಿಸು ಎಂದು ತಮ್ಮನಿಗೆ ಅಪ್ಪಣೆ ಮಾಡಿದೆ. ಅವನು ಲೆಕ್ಕ ಬದಲಾಯಿಸುತ್ತ ಹೋದ. ಇವರು ಪಕ್ಕದಲ್ಲೇ ಬಗ್ಗಿ ನಿಂತು, ಇನ್ನೊಂದು ಚೂರು, ಇನ್ನೊಂದೇ ಚೂರು ಅನ್ನತೊಡಗಿದರು. ತಿಂಗಳುಗಟ್ಟಲೆ ಮಾತು ಬಿಟ್ಟವರು ಇವರೇನಾ ಅನ್ನಿಸಿತು.

ಜನ ತುಂಬಿದ ಮೇಲೆ ಗುಂಡಿ ಹಿಡಿದವಳು ನಾನೇ. ಎರಡು ಎಂಜಿನ್ನೂ ಒಂದೇ ಉಸಿರಿನಲ್ಲಿ ಏರು ಹತ್ತಿದವು, ಒಂದು ಡಬ್ಬಿಯೂ ಅಲುಗಲಿಲ್ಲ. ಮಕ್ಕಳು ಕೇಕೆ ಹಾಕಿದರು. ನನ್ನ ಗಂಡ ಅವಕ್ಕೆ ಜೋಡಿ ನಂಬರಿನ ಪುರಾಣ ಹೇಳಲು ಕೂತರು.

ಎಲ್ಲ ಮುಗಿದ ಮೇಲೆ ತಮ್ಮ ತನ್ನ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ನಾನು ಹತ್ತಿರ ಹೋಗಿ, ಈಗಲಾದರೂ ಭಾವನ ಮೇಲಿನ ಸಿಟ್ಟು ಇಳಿಯಿತೋ, ಮನೆ ಕಡೆ ತಲೆ ಹಾಕುತ್ತೀಯೋ ಎಂದು ಕೆಣಕಿದೆ. ಅವನು ತಲೆ ಎತ್ತಲಿಲ್ಲ.

"ಆ ಸಿಟ್ಟು ಆ ವಾರವೇ ಇಳಿದಿತ್ತು ಅಕ್ಕ," ಅಂದ. "ಜಗಳ ಆಡಿದ್ದು ನಾನೂ ಭಾವನೂ. ನೀನ್ಯಾಕೆ ಒಂದ್ಸಲನೂ ಬಾ ಅನ್ನಲಿಲ್ಲ?"

"ನಿನ್ನ ಮನೆಗೆ ನಿನ್ನನ್ನ ಕರೀಬೇಕೇನೋ?"

"ಕರೆದಿದ್ರೆ ಬರ್ತಿದ್ದೆ."

ಬೀದಿಗೆಲ್ಲ ಬುದ್ಧಿ ಹೇಳುವವಳು ನಾನು. ಅವನಾಗಿ ಬರಲಿ ಎಂದು ನಾನೂ ದಿನಾ ಬಾಗಿಲು ನೋಡುತ್ತ ಕೂತಿದ್ದೆನೇ ಹೊರತು, ಎರಡು ಬೀದಿ ದಾಟಿ ಹೋಗಿ ಕರೆದಿರಲಿಲ್ಲ.

"ಬಾರೋ," ಅಂದೆ. ಅವನ ಕೈಯಿಂದ ಬಟ್ಟೆಯ ಗಂಟು ಕಿತ್ತುಕೊಂಡು ಮನೆ ಕಡೆ ಹೊರಟೆ.