ಸುರೈಯಾ ಅಕ್ಕೋರ ಸಹಿ

ಬೆಳಗಿನ ಬಸ್ಸು ತಿಕೋಟಾ ದಾಟಿತೆಂದರೆ ಸುರೈಯಾಳ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇಪ್ಪತ್ತೊಂದು ವರ್ಷದ ರೂಢಿ ಅದು. ಹೊನವಾಡದ ಹೈಸ್ಕೂಲಿಗೆ ಗಣಿತ ಕಲಿಸಲು ಹೋಗುವ ಆ ದಾರಿಯಲ್ಲಿ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದಿಷ್ಟು ಹೊತ್ತು ಅವಳೊಬ್ಬಳದೇ ಆಗಿತ್ತು. ಕಿಟಕಿಯಾಚೆ ದ್ರಾಕ್ಷಿತೋಟಗಳು ಮಂಜಿನಲ್ಲಿ ತೇಲುತ್ತ ಹಿಂದೆ ಸರಿಯುತ್ತಿದ್ದವು. ಈಚೆಗೆ ಆ ಜೊಂಪಿನಲ್ಲಿ ಒಂದೇ ಕನಸು. ಮುಗಿಯದ ಪಡಸಾಲೆಯೊಂದರಲ್ಲಿ ಕೈತುಂಬ ಫೈಲು ಹಿಡಿದು ಅವಳು ನಡೆಯುತ್ತಿದ್ದಾಳೆ. ಅವನ್ನು ಒಪ್ಪಿಸಬೇಕಾದವರು ಯಾವ ಕೋಣೆಯಲ್ಲೂ ಇಲ್ಲ.

"ಹೊನವಾಡ ಬಂತ್ರಿ ಅಕ್ಕೋರ, ಇಳೀರಿ" ಎಂದು ಕಂಡಕ್ಟರ್ ಕೂಗಿದಾಗ ಕನಸು ಒಡೆಯುತ್ತಿತ್ತು.

ಮುಖ್ಯೋಪಾಧ್ಯಾಯಿನಿಯ ಬಡ್ತಿ ಬೇಡವೆಂದು ಅವಳು ಎರಡು ಸಲ ಬರೆದುಕೊಟ್ಟಿದ್ದಳು. ಮೊದಲ ಸಲ ಮಗಳು ತರನ್ನುಮ ಚಿಕ್ಕವಳಿದ್ದಳು. ಎರಡನೆಯ ಸಲ ಅತ್ತೆ ರಾಜಬಿ ಹಾಸಿಗೆ ಹಿಡಿದಿದ್ದರು. ಈಗ ಮಗಳು ಕಾಲೇಜು ಮುಗಿಸಿದ್ದಳು, ಅತ್ತೆ ಚೇತರಿಸಿಕೊಂಡು ಓಣಿಯೆಲ್ಲ ತಿರುಗುತ್ತಿದ್ದರು. ಗೋಳಗುಮ್ಮಟದ ಹತ್ತಿರ ಅಂಗಡಿ ಇಟ್ಟುಕೊಂಡಿದ್ದ ಗಂಡ ಇಸ್ಮಾಯಿಲನಂತೂ "ಈ ಸಲ ಹೂಂ ಅನ್ನು, ಮನಿ ನಾ ನೋಡ್ಕೋತೀನಿ" ಎಂದುಬಿಟ್ಟಿದ್ದ. ಬಡ್ತಿಯ ಮೂರನೆಯ ಪಟ್ಟಿ ಹತ್ತಿರವಾಗುತ್ತಿದ್ದಂತೆ ಹೇಳಿಕೊಳ್ಳಲು ಕಾರಣಗಳೇ ಉಳಿದಿರಲಿಲ್ಲ. ಉಳಿದದ್ದು ಅಂಜಿಕೆಯೊಂದೇ.

ಜನವರಿಯ ಒಂದು ಸಂಜೆ ಮುಖ್ಯೋಪಾಧ್ಯಾಯಿನಿ ಗುರುಬಾಯಿಯವರು ಅವಳನ್ನು ಕರೆದರು.

"ನಾಳಿಯಿಂದ ಒಂದ ತಿಂಗಳ ನಾ ಬರಾಂಗಿಲ್ಲ. ಕಣ್ಣಿನ ಆಪರೇಶನ್ ಐತಿ. ಚಾರ್ಜ್ ನಿನ್ನ ಹೆಸರಿಗೆ ಬರದೀನಿ."

"ಅಯ್ಯ, ನನ್ನ ಕಡಿಂದ ಆಗಾಂಗಿಲ್ರಿ. ಭಾಗಪ್ಪ ಸರ್ ಅದಾರಲ್ರಿ?"

"ಭಾಗಪ್ಪ ನಿನಗಿಂತ ಆರ ವರ್ಷ ಸಣ್ಣಾಂವ. ಆಗಾಂಗಿಲ್ಲ ಅನ್ನೂ ಮಾತ ಅವನ ಬಾಯಾಗ ಒಮ್ಮೆರ ಬಂದೈತೇನು, ನೋಡು."

ಸುರೈಯಾ ಚಾರ್ಜ್ ತೆಗೆದುಕೊಂಡಳು, ಆದರೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಮಗ್ಗುಲಿಗೊಂದು ಸ್ಟೂಲು ಎಳೆದುಕೊಂಡಳು. ಪ್ರತಿ ಕಾಗದಕ್ಕೂ 'ಮುಖ್ಯೋಪಾಧ್ಯಾಯಿನಿಯವರ ಪರವಾಗಿ' ಎಂದು ಬರೆದೇ ಸಹಿ ಮಾಡಿದಳು.

ಎರಡನೆಯ ವಾರ ಹತ್ತನೆಯ ತರಗತಿಯ ವಿಶೇಷ ಪಾಠ ಶುರುವಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಒಂಬತ್ತು ಹುಡುಗಿಯರು ಲೆಕ್ಕ ಅರ್ಧಕ್ಕೇ ಬಿಟ್ಟು ಪಾಟಿಚೀಲ ಹೆಗಲಿಗೇರಿಸಿದರು.

"ಎಲ್ಲಿಗೆ ಹೊಂಟ್ರಿ?"

"ಐದಕ್ಕ ಕಡೀ ಬಸ್ರಿ ಅಕ್ಕೋರ" ಎಂದಳು ಭಾಗ್ಯಾ. ಅವರೆಲ್ಲ ದಾರಿಯ ತೋಟದ ವಸ್ತಿಗಳ ಮಕ್ಕಳು. "ಬಸ್ ತಪ್ಪಿದ್ರ ನಮ್ಮಪ್ಪ ಸಾಲೀನ ಬಿಡಸ್ತಾನ್ರಿ."

ಸುರೈಯಾ ಗುರುಬಾಯಿಯವರಿಗೆ ಫೋನು ಮಾಡಿದಳು. "ಏನ ಮಾಡ್ಲಿರಿ?"

"ನನ್ನ ಕಣ್ಣಿಗೆ ಪಟ್ಟಿ ಕಟ್ಯಾರ. ನಿನಗ ಏನ ಕಾಣಸ್ತೈತಿ, ಹೇಳು."

"ಬಸ್ ಮುಕ್ಕಾಲ ತಾಸ ತಡಾ ಬಿಟ್ರ ಸಾಕ್ರಿ."

"ಮತ್ತ?" ಎಂದವರೇ ಅವರು ಫೋನು ಇಟ್ಟುಬಿಟ್ಟರು. ಆ ಒಂದು ಮಾತು ಬಹಳ ಹೊತ್ತು ಕಿವಿಯಲ್ಲೇ ಉಳಿಯಿತು.

ಮರುದಿನ ಅವಳು ಅರ್ಜಿ ಹಿಡಿದು ವಿಜಯಪುರದ ಬಸ್ ಡಿಪೋಕ್ಕೆ ಹೋದಳು. ಅಲ್ಲಿಯ ಅಧಿಕಾರಿ ಓದಿ, ಸಹಿಯ ಮೇಲೆ ಬೆರಳಿಟ್ಟರು.

"ಪರವಾಗಿ ಅಂತ ಐತಲ್ರಿ. ಹೆಡ್ ಯಾರದಾರ? ಅವರನ್ನ ಕಳಸ್ರಿ."

ಹೊರಗೆ ಬಸ್ಸುಗಳ ಸದ್ದು ನೀರಿನೊಳಗಿಂದ ಕೇಳಿದಂತೆ ಮಂದವಾಯಿತು. ಕಿಟಕಿಯ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ನಿಧಾನವಾಗಿ ತಿರುಗುತ್ತಿದ್ದವು. ಯಾರನ್ನು ಕಳಿಸಲಿ ಎಂದು ಅವಳು ಅರೆಗಳಿಗೆ ನಿಜಕ್ಕೂ ಯೋಚಿಸಿದಳು. ಉದ್ದನೆಯ ಪಡಸಾಲೆ ಕಣ್ಣೆದುರು ಹಾದುಹೋಯಿತು. ಖಾಲಿ ಕೋಣೆ, ಮತ್ತೊಂದು ಖಾಲಿ ಕೋಣೆ. ಆಮೇಲೆ ಯಾರದೋ ದನಿ ಕೇಳಿಸಿತು: "ನಾನ ಅದೀನ್ರಿ ಹೆಡ್."

ಅದು ಅವಳದೇ ದನಿಯಾಗಿತ್ತು.

ಪೆನ್ನು ತೆಗೆದು 'ಪರವಾಗಿ' ಎಂಬುದನ್ನು ಹೊಡೆದುಹಾಕಿ ಮತ್ತೆ ಸಹಿ ಮಾಡಿದಳು. "ಪರೀಕ್ಷಾ ಮುಗಿಯೂತನಕ ಐದೂಮುಕ್ಕಾಲಕ್ಕ ಬಿಡ್ರಿ."

"ಉಳದ ಮಂದಿ ನಮಗ ಬೈತಾರ್ರಿ."

"ಅವರ ಜೋಡಿ ನಾ ಮಾತಾಡ್ತೀನ್ರಿ."

ಸೋಮವಾರ ಬಸ್ಸು ತಡವಾಗಿ ಹೊರಟಿತು. ಒಳಗೆ ಗೊಣಗಾಟ ಎದ್ದಾಗ ಸುರೈಯಾ ಕಂಬಿ ಹಿಡಿದು ನಿಂತಳು. "ಯಪ್ಪಾ, ಯವ್ವಾ, ಎರಡ ತಿಂಗಳ ಅಷ್ಟ ತಾಳ್ರಿ. ಒಂಬತ್ತ ಹುಡಗ್ಯಾರು ಲೆಕ್ಕ ಕಲೀಬೇಕು, ಅದಕ್ಕ ತಡಾ ಆಗೇತಿ. ಬೈಯೂದಿದ್ರ ನನಗ ಬೈರಿ." ಮೂಲೆಯ ಸೀಟಿನಲ್ಲಿದ್ದ ಭೀಮಾಬಾಯಿ ಎಂಬ ಮುದುಕಿ ಎಲೆ ಅಡಿಕೆಯ ಚೀಲ ಬಿಚ್ಚುತ್ತ, "ಕಲೀಲಿ ಬಿಡ್ರಲೇ. ನಿಮ್ಮ ಮನೀ ದೀಪ ಎಲ್ಲೂ ಓಡಿ ಹೋಗಾಂಗಿಲ್ಲ" ಎಂದಳು. ನಗೆ ಎದ್ದಿತು. ಸಂಜೆಗೆಂಪಿನಲ್ಲಿ ಒಬ್ಬೊಬ್ಬಳೇ ಹುಡುಗಿ ತೋಟದ ಹಾದಿಯಲ್ಲಿ ಇಳಿದು ಹೋಗುವುದನ್ನು ಸುರೈಯಾ ಕಣ್ಣು ಮುಚ್ಚದೆ ನೋಡಿದಳು.

ಗುರುಬಾಯಿ ಕಪ್ಪು ಚಷ್ಮಾ ಹಾಕಿಕೊಂಡು ಮರಳಿ ಬಂದರು. ಸುರೈಯಾ ನೇರವಾಗಿ ಕೇಳಿದಳು: "ಆಪರೇಶನ್ ಪರೀಕ್ಷಾ ಆದಮ್ಯಾಲ ಮಾಡಿಸಿದ್ರ ನಡೀತಿದ್ದಿಲ್ರೇನು?"

"ಕಣ್ಣ ತಾಳ್ತಿದ್ವು. ಬಡ್ತಿ ಪಟ್ಟಿ ತಾಳ್ತಿದ್ದಿಲ್ಲ. ಮೂರನೇ ಸಲನೂ ನೀ ಬ್ಯಾಡಂತ ಬರದಕೊಡ್ತಿದ್ದಿ." ಅವರು ಚಷ್ಮಾ ತೆಗೆದು ಒರೆಸಿದರು. "ನನಗ ಹಿಂಗ ನೂಕವ್ರು ಯಾರೂ ಇದ್ದಿಲ್ಲವಾ. ಹೆಡ್ ಆದ ಮೊದಲನೇ ವರ್ಷ ಬಾಗಲಾ ಹಾಕ್ಕೊಂಡ ಅತ್ತೀನಿ."

ಏಪ್ರಿಲ್‌ನಲ್ಲಿ ಬಡ್ತಿಯ ಪಟ್ಟಿ ಬಂತು. ಸುರೈಯಾ ಈ ಸಲ ಹೂಂ ಎಂದು ಬಬಲೇಶ್ವರದ ಹೈಸ್ಕೂಲು ಆರಿಸಿಕೊಂಡಳು. ಒಂಬತ್ತರಲ್ಲಿ ಎಂಟು ಹುಡುಗಿಯರು ಪಾಸಾದರು. ಗಣಿತದಲ್ಲಿ ನಪಾಸಾದವಳಿಗೆ ಮರುಪರೀಕ್ಷೆಯ ತನಕ ಸುರೈಯಾಳೇ ಫೋನಿನಲ್ಲಿ ಕಲಿಸಿದಳು.

ಬಬಲೇಶ್ವರದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಸೇರಿ ತಿಂಗಳಾಗಿತ್ತು. ಅನುರಾಧಾ ಎಂಬ ಎಳೆಯ ವಿಜ್ಞಾನ ಶಿಕ್ಷಕಿ ಬಾಗಿಲಲ್ಲಿ ನಿಂತು, "ವಿಜ್ಞಾನ ಮೇಳದ ಜವಾಬ್ದಾರಿ ಯಾರರೆ ಸರ್‌ಗೆ ಕೊಡ್ರಿ ಮೇಡಮ್, ನನ್ನ ಕಡಿಂದ ಆಗಾಂಗಿಲ್ಲ" ಎಂದಳು.

ಸುರೈಯಾ ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ. ಎದುರಿನ ಕುರ್ಚಿ ತೋರಿಸಿ ಚಹಾ ತರಿಸಿದಳು. "ಅದಿರ್ಲಿ. ಯಾರೂ ಏನೂ ಅನ್ನಾಂಗಿಲ್ಲ ಅಂದ್ರ, ಆ ಮೇಳದಾಗ ಏನೇನ ಮಾಡ್ಬೇಕಂತ ನಿನಗ ಆಸೆ ಐತಿ?"

ಅನುರಾಧಾ ಚಹಾದ ಕಪ್ಪು ಕೈಗೆತ್ತಿಕೊಂಡಳು. ಊರ ಬಾವಿಯ ನೀರಿನ ಪರೀಕ್ಷೆಯಿಂದ ಶುರು ಮಾಡಿದಳು. ನೀರಿನಿಂದ ಮಣ್ಣಿಗೆ, ಮಣ್ಣಿನಿಂದ ಮೋಡಕ್ಕೆ ಮಾತು ಏರಿತು. ಗಂಟೆ ಬಾರಿಸಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಕಪ್ಪಿನಲ್ಲಿ ಚಹಾ ಕೆನೆಗಟ್ಟಿತ್ತು, ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು.